ತುಕ್ಕು ಹಿಡಿದ ಪೆಟ್ಟಿಗೆ ಅವಿನಾಶಿಯೇ?

ನಮಸ್ಕಾರ.

ನಿಮ್ಮ ‘ಅವಿನಾಶಿ’ ಕತೆಯನ್ನು ಎರಡು ಸಲ ಓದಿದೆ. ಈಗಿರುವಂತೆ ಪ್ರಕಟಿಸಲು ಆಗುವುದಿಲ್ಲ. ಆದರೆ ಕೈಬಿಡುವ ಕತೆಯೂ ಅಲ್ಲ, ಅದಕ್ಕೇ ಇಷ್ಟು ಉದ್ದದ ಪತ್ರ.

ನನ್ನ ತಕರಾರು ಶೀರ್ಷಿಕೆಯ ಪದದ ಬಗ್ಗೆಯೇ. ನಾಲ್ಕು ಪುಟಗಳಲ್ಲಿ ಅದು ಒಂಬತ್ತು ಸಲ ಬಂದಿದೆ. ತಾಯಿಯ ಪ್ರೀತಿ ಅವಿನಾಶಿ, ಉಂಗುರದ ವಜ್ರ ಅವಿನಾಶಿ, ಅಪ್ಪನ ಕಬ್ಬಿಣದ ಪೆಟ್ಟಿಗೆಯೂ ಅವಿನಾಶಿ. ನಾಶ ಮಾಡಲಾಗದ್ದು ಎಂಬ ಅರ್ಥ ನಿಮಗೆ ಗೊತ್ತು; ಆ ಅರ್ಥದ ಭಾರವನ್ನು ನೀವು ತೂಗಿ ನೋಡಿಲ್ಲ. ವಜ್ರದ ಮೇಲೆ ಸುಲಭಕ್ಕೆ ಗೀರು ಬೀಳದು, ನಿಜ. ಆದರೆ ಸುತ್ತಿಗೆಯ ಏಟಿಗೆ ಸೀಳುತ್ತದೆ. ಚೆನ್ನಾಗಿ ಕಾಯಿಸಿ ಆಮ್ಲಜನಕ ಕೊಟ್ಟರೆ ಉರಿದೇ ಹೋಗುತ್ತದೆ. ಫ್ರೆಂಚ್ ವಿಜ್ಞಾನಿ ಲಾವಾಸಿಯೇ 1772ರಲ್ಲೇ ವಜ್ರ ಸುಟ್ಟು ನೋಡಿದ್ದ. ಅದಕ್ಕೆ ‘ಗಟ್ಟಿ’ ಎಂದರೆ ಸಾಕು.

ಭಗವದ್ಗೀತೆಯ ಎರಡನೇ ಅಧ್ಯಾಯ ತೆಗೆದು ನೋಡಿ. 17ನೇ ಶ್ಲೋಕದಲ್ಲಿ ‘ಅವಿನಾಶಿ’ ಎಂಬ ಮಾತು ಬರುತ್ತದೆ. ಮಾತು ಅಲ್ಲಿಗೇ ನಿಲ್ಲುವುದಿಲ್ಲ. 23ನೆಯದರಲ್ಲಿ ಆತ್ಮವನ್ನು ಶಸ್ತ್ರ ಕಡಿಯದು, ಬೆಂಕಿ ಸುಡದು, ನೀರು ನೆನೆಸದು, ಗಾಳಿ ಒಣಗಿಸದು ಎಂದು ಕೆಡಿಸಬಲ್ಲ ಒಂದೊಂದನ್ನೂ ಎದುರಿಗೆ ತಂದು ನಿಲ್ಲಿಸುತ್ತದೆ. ನಿಮ್ಮ ಕತೆಯ ತಾಯಿಯ ಪ್ರೀತಿಗೆ ಎದುರಾಗಿ ಏನೂ ಬರುವುದಿಲ್ಲ. ಜಗಳವಿಲ್ಲ, ಮುನಿಸಿಲ್ಲ, ಬಾಯಿ ತಪ್ಪಿ ಆಡಿದ ಒಂದು ಮಾತೂ ಇಲ್ಲ. ಏಟೇ ಬೀಳದ್ದು ಮುರಿಯದೆ ಉಳಿಯಿತೆಂದರೆ ಓದುಗ ಯಾಕೆ ನಂಬಬೇಕು?

ಅಕ್ಕಪಕ್ಕದ ಪದಗಳನ್ನೂ ಬೆರೆಸಿದ್ದೀರಿ. ಅಕ್ಷಯ ಎಂದರೆ ಬಳಸಿದರೂ ತೀರದ್ದು, ಪಾಂಡವರಿಗೆ ಸೂರ್ಯ ಕೊಟ್ಟ ಪಾತ್ರೆಯಂತೆ. ಅಮರಕ್ಕೆ ಸಾವಿಲ್ಲ. ‘ಶಾಶ್ವತ’ವಂತೂ ಅರ್ಜಿಗಳ ‘ಶಾಶ್ವತ ವಿಳಾಸ’ದಲ್ಲಿ ಸವೆದುಹೋಗಿದೆ. ಎರಡನೇ ಪುಟದ ‘ಅವಿನಾಶ ಸಂಬಂಧ’ ತಪ್ಪು. ಅದು ಅವಿನಾಭಾವ ಸಂಬಂಧ. ಅಲ್ಲಿರುವುದು ನಾಶವಲ್ಲ, ‘ವಿನಾ’. ಒಂದನ್ನು ಬಿಟ್ಟು ಇನ್ನೊಂದಿಲ್ಲ ಎಂದು.

ಕನ್ನಡದ್ದೇ ಆದ ‘ಅಳಿವು’ ನಿಮಗೇಕೆ ನೆನಪಾಗಲಿಲ್ಲ? ‘ಸ್ಥಾವರಕ್ಕಳಿವುಂಟು, ಜಂಗಮಕ್ಕಳಿವಿಲ್ಲ’ ಎಂದ ಬಸವಣ್ಣನಿಗೆ ಆ ಪುಟ್ಟ ಪದವೇ ಸಾಕಾಯಿತು. ಓದು ಬರಹ ಬಾರದ ನಿಮ್ಮ ತಾಯಿ ಪಾತ್ರವಂತೂ ‘ಅವಿನಾಶಿ’ ಎನ್ನಲಾರಳು. ‘ಏನ್ ಮಾಡಿದ್ರೂ ಹೋಗಲ್ಲ ಕಣೇ’ ಎಂದಾಳು.

ಈಗ ಮೂರನೇ ಪುಟ. ಮಗಳು ಪೆಟ್ಟಿಗೆ ತೆರೆಯುವಾಗ ಕೀಲು ಕಳಚಿ ಕೈಗೇ ಬರುತ್ತದೆ, ಹೆಬ್ಬೆರಳಿಗೆ ತುಕ್ಕಿನ ಪುಡಿ ಮೆತ್ತುತ್ತದೆ. ಮುಚ್ಚಳದ ಒಳಗೆ ಅಪ್ಪ ಮೊಳೆಯಿಂದ ಕೊರೆದ ಹೆಸರು. ಕತ್ತಲಲ್ಲಿ ಅವಳು ಅದನ್ನು ಬೆರಳಿಂದ ತಡವಿ ಓದುತ್ತಾಳೆ. ನಾನು ಮತ್ತೆ ಮತ್ತೆ ಓದಿದ ಜಾಗ ಅದು. ಅಲ್ಲಿ ನೀವು ನಿಜವಾದ ಕತೆಗಾರರು. ಮರುವಾಕ್ಯದಲ್ಲೇ ‘ಆ ಪೆಟ್ಟಿಗೆ ಅವಿನಾಶಿ’ ಎಂದು ಬರೆದು ಎಲ್ಲ ಕೆಡಿಸಿದಿರಿ. ತುಕ್ಕು ತಿನ್ನುತ್ತಿರುವ ಪೆಟ್ಟಿಗೆ! ಆ ವಾಕ್ಯ ಹೊಡೆದುಹಾಕಿ. ‘ಹೆಸರು’ ಎಂದಿರುವಲ್ಲಿ ‘ಅಕ್ಷರ’ ಎಂದು ಬರೆಯಿರಿ. ಕ್ಷರ ಎಂದರೆ ಸವೆದುಹೋಗುವುದು, ಅಕ್ಷರ ಎಂದರೆ ಹಾಗಾಗದ್ದು. ಇದನ್ನು ಕತೆಯಲ್ಲಿ ವಿವರಿಸಬೇಡಿ.

ಒಂಬತ್ತರಲ್ಲಿ ಎಂಟನ್ನು ತೆಗೆಯಿರಿ. ಯಾವುದು ಉಳಿಯಬೇಕೆಂದು ನೀವೇ ನಿರ್ಧರಿಸಿ. ತಾಯಿ ಮಗಳು ಮಾತು ಬಿಟ್ಟ ಒಂದು ದಿನವನ್ನು ಬರೆದು ಸೇರಿಸಿ ಕಳಿಸಿ, ನಾನೇ ಓದುತ್ತೇನೆ.