ರಕ್ತ ತೆಳುವಾಗುವ ಮಾತ್ರೆ ತಗೊಳ್ಳುವವರು ಹಲ್ಲು ಕೀಳಿಸುವ ಮುಂಚೆ ಅದನ್ನು ನಿಲ್ಲಿಸಬೇಕಾ?

ಸಾಮಾನ್ಯವಾಗಿ ಬೇಡ. ಒಂದೆರಡು ಹಲ್ಲು ಕೀಳಿಸಬೇಕು ಅಂತ ನೀವಾಗಿಯೇ ಮಾತ್ರೆ ಬಿಡಬೇಡಿ. ರಕ್ತ ಸ್ವಲ್ಪ ಜಾಸ್ತಿ ಹೊತ್ತು ಒಸರಬಹುದು ನಿಜ, ಆದರೆ ಅದು ಡಾಕ್ಟರ ಕಣ್ಣೆದುರೇ, ಕೈಗೆ ಸಿಗುವ ಜಾಗದಲ್ಲಿ ಆಗುತ್ತದೆ. ಗಾಜ್ ಬಟ್ಟೆ ಒತ್ತಿ, ಬೇಕಾದರೆ ಹೊಲಿಗೆ ಹಾಕಿ ನಿಲ್ಲಿಸಬಹುದು. ಮಾತ್ರೆ ಬಿಟ್ಟು ಮಿದುಳಿನಲ್ಲೋ ಹೃದಯದಲ್ಲೋ ರಕ್ತ ಹೆಪ್ಪುಗಟ್ಟಿದರೆ? ಅದು ಇದಕ್ಕಿಂತ ಎಷ್ಟೋ ದೊಡ್ಡ ಅಪಾಯ ಅಲ್ವಾ?

ಹೆಸರು ಹಾಗಿದ್ದರೂ ಈ ಮಾತ್ರೆಗಳು ರಕ್ತವನ್ನು ನೀರಾಗಿಸುವುದಿಲ್ಲ, ಹೆಪ್ಪುಗಟ್ಟುವುದನ್ನು ತಡ ಮಾಡುತ್ತವೆ ಅಷ್ಟೇ. ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಕೆಲಸ ಮಾಡುವುದು ಪ್ಲೇಟ್‌ಲೆಟ್‌ಗಳ ಮೇಲೆ, ಅಂದರೆ ಗಾಯಕ್ಕೆ ಮೊದಲು ಹೋಗಿ ಅಂಟುವ ಕಣಗಳ ಮೇಲೆ. ಒಮ್ಮೆ ಮಂಕಾದ ಪ್ಲೇಟ್‌ಲೆಟ್ ತಾನು ಬದುಕಿರುವ 7ರಿಂದ 10 ದಿನವೂ ಮಂಕಾಗಿಯೇ ಇರುತ್ತದೆ, ಹಾಗಾಗಿ ಹಿಂದಿನ ರಾತ್ರಿ ಸುಮ್ನೆ ಒಂದು ಮಾತ್ರೆ ತಪ್ಪಿಸಿದರೆ ಏನೂ ಉಪಯೋಗವಿಲ್ಲ. ವಾರ್ಫರಿನ್ ತಗೊಳ್ಳುವವರು ಮಾತ್ರ ಮೊದಲೇ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆ ಅನ್ನುವ ಅಳತೆ) ಪರೀಕ್ಷೆ ಮಾಡಿಸಬೇಕು. 2ರಿಂದ 3ರ ನಡುವೆ ಇದ್ದರೆ ಸಾಮಾನ್ಯವಾಗಿ ಹಲ್ಲು ಕೀಳುತ್ತಾರೆ. ಎಪಿಕ್ಸಬಾನ್ ತರಹದ ಹೊಸ ಮಾತ್ರೆಗಳಿಗೆ ಕೆಲವೊಮ್ಮೆ ಬೆಳಗಿನ ಡೋಸ್ ಬಿಡಲು ಅಥವಾ ಮುಂದೂಡಲು ಡಾಕ್ಟರೇ ಹೇಳುತ್ತಾರೆ.

ಬಾಯಿಯ ಗಾಯದ್ದೊಂದು ತಕರಾರಿದೆ: ಜೊಲ್ಲಿನಲ್ಲಿ ಹೆಪ್ಪನ್ನು ಕರಗಿಸುವ ಅಂಶ ಇರುತ್ತದೆ, ಜೊತೆಗೆ ನಾಲಿಗೆ ಬೇರೆ ಸುಮ್ಮನಿರುವುದಿಲ್ಲ. ಅದಕ್ಕೇ ಆ ದಿನ ಬಾಯಿ ಮುಕ್ಕಳಿಸಬೇಡಿ. ನೋವಿಗೆ ಐಬುಪ್ರೊಫೆನ್ ಬೇಡ, ಅದು ರಕ್ತಸ್ರಾವ ಹೆಚ್ಚಿಸುತ್ತದೆ, ಪ್ಯಾರಾಸಿಟಮಾಲ್ ಸಾಕು. ಗಾಜ್ ಕಚ್ಚಿ ಅರ್ಧ ಗಂಟೆ ಬಿಡದೆ ಒತ್ತಿ ಹಿಡಿದರೂ ರಕ್ತ ನಿಲ್ಲದಿದ್ದರೆ ತಕ್ಷಣ ಡಾಕ್ಟರಿಗೆ ಫೋನ್ ಮಾಡಿ.