ಹೊಸ ಭಾಷೆಯ ಮೊದಲ ದಿನವೇ ಕಲಿಯುವವರಿಂದ ಮಾತಾಡಿಸಬೇಕೇ?

ಬೇಕಿಲ್ಲ. ಮೊದಲ ಸುಮಾರು ಹತ್ತು ಗಂಟೆಯ ಪಾಠದಲ್ಲಿ ಅವರು ಕೇಳಿ, ಕೇಳಿದ್ದನ್ನು ಮೈಯಿಂದ ಮಾಡಿದರೆ ಸಾಕು. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಆಶರ್ 1960ರ ದಶಕದಲ್ಲಿ ಜಪಾನಿ, ರಷ್ಯನ್ ಭಾಷೆಗಳ ಮೇಲೆ ಪ್ರಯೋಗ ಮಾಡಿ ಬೆಳೆಸಿದ ವಿಧಾನವಿದು. ಅರ್ಥ ಹಿಡಿಯುವುದು, ಉಚ್ಚಾರ, ವ್ಯಾಕರಣ ಮೂರೂ ಒಟ್ಟಿಗೆ ತಲೆಯ ಮೇಲೆ ಬಿದ್ದರೆ ಹೊಸಬರು ಗಾಬರಿಯಾಗಿ ಬಾಯಿ ಬಿಡುವುದಿಲ್ಲ. ಕೇಳಿದ ಮಾತಿನ ಅರ್ಥ ಮೊದಲು ನೆಲೆಯಾದರೆ ಮಾತಾಡುವುದು ಸುಲಭ.

ಜಪಾನಿಯಲ್ಲಿ ತತ್ತೆ (ಎದ್ದೇಳು), ಸುವತ್ತೆ (ಕೂತ್ಕೋ), ಅರುಯಿತೆ (ನಡಿ), ತೊಮತ್ತೆ (ನಿಲ್ಲು) ಎಂಬ ನಾಲ್ಕರಿಂದ ಶುರುಮಾಡಿ. ಶಿಕ್ಷಕರು ಹೇಳುತ್ತಾ ತಾವೂ ಮಾಡಬೇಕು. ಮೂರು ನಾಲ್ಕು ಸುತ್ತಾದ ಮೇಲೆ ಹೇಳುವುದಷ್ಟೇ, ಮಾಡಬಾರದು. ಹೆಚ್ಚಿನವರು ಎಡವುವುದು ಇಲ್ಲೇ: ಪ್ರತಿ ಸಲ ಅದೇ ಕ್ರಮದಲ್ಲಿ ಹೇಳಿದರೆ ಮಕ್ಕಳು ಮಾತನ್ನಲ್ಲ, ಕ್ರಮವನ್ನು ಬಾಯಿಪಾಠ ಮಾಡುತ್ತಾರೆ. ಪಕ್ಕದವರನ್ನು ನೋಡಿ ಏಳುವವರೂ ಇರುತ್ತಾರೆ. ಆದ್ದರಿಂದ ಕ್ರಮ ಹಿಂದುಮುಂದು ಮಾಡಿ, ಒಬ್ಬೊಬ್ಬರನ್ನೇ ಕರೆದು ಮಾಡಿಸಿ. ನಂತರ ಬಾಗಿಲು, ಮೇಜು ಸೇರಿಸಿ, ಅವರು ಹಿಂದೆಂದೂ ಕೇಳದ ವಾಕ್ಯ ಕೊಡಿ; ತಡವರಿಸದೆ ಮಾಡಿದರೆ ನಿಜವಾಗಿ ಅರ್ಥವಾಗಿದೆ.

ನಂಬಿಕೆ, ನೆನಪಿನಂಥ ಪದಗಳಿಗೆ ಈ ವಿಧಾನ ಸಾಲದು; ಅಲ್ಲಿ ಕಥೆ, ಸಂಭಾಷಣೆಗಳೇ ಬೇಕು.