ನಾನೂ ಅದೇ ಮಷೀನಲ್ಲಿ ಕೂತಿದ್ದೆ, ಆದ್ರೂ ಯಾಕೆ ಹಿಂಗಾದೆ?

ಪ್ರಶ್ನೆ: ಮೇಡಂ, ನನಗೆ 34 ವರ್ಷ. ಪೀಣ್ಯದಲ್ಲಿ ಒಂದು ಗಾರ್ಮೆಂಟ್ಸಲ್ಲಿ 11 ವರ್ಷ ಟೈಲರ್ ಆಗಿದ್ದೆ, ಎಂಟು ತಿಂಗಳ ಹಿಂದೆ ಸೂಪರ್‌ವೈಸರ್ ಮಾಡಿದ್ರು. ಆಗ ಖುಷಿಯಾಗಿತ್ತು, ಈಗ ದಿನಾ ಕಿರುಚೋದೇ ಕೆಲಸ. ಹೋದ ವಾರ ಕಾಲರ್ ಹಾಕೋ ಹುಡುಗಿ ಬಾತ್ರೂಮಿಗೆ ಹೋಗಿ ಲೇಟಾಗಿ ಬಂದ್ಲು, ಬಂಡಲ್ ಎಲ್ಲ ಅಲ್ಲೇ ನಿಂತೋಯ್ತು, ನಾನು ಇಡೀ ಲೈನ್ ಮುಂದೆ "ಮನೆ ಕಷ್ಟ ಮನೇಲಿಟ್ಟು ಬಾ, ನಾವೇನು ಮಕ್ಕಳು ಹೆತ್ತಿಲ್ವಾ" ಅಂತ ಬೈದೆ. ಆಮೇಲೆ ಗೊತ್ತಾಯ್ತು, ಮಗುಗೆ ಜ್ವರ, ಪಕ್ಕದ ಮನೇಲಿ ಬಿಟ್ಟು ಬಂದಿದ್ಲು, ಅಲ್ಲಿಗೆ ಫೋನ್ ಮಾಡೋಕೆ ಹೋಗಿದ್ಲು. ಅವತ್ತಿಂದ ಊಟಕ್ಕೆ ಯಾರೂ ನನ್ನ ಕರೆಯಲ್ಲ. ಅಕ್ಕ ಅಂತಿದ್ದೋರು ಮೇಡಂ ಅಂತಾರೆ. ಟ್ರೈನಿಂಗಲ್ಲಿ ಎಚ್‌ಆರ್‌ನವರು ಲೀಡರ್‌ಗೆ ಎಂಪತಿ, ಅಂದ್ರೆ ಇನ್ನೊಬ್ಬರ ಕಷ್ಟ ಅರ್ಥ ಮಾಡ್ಕೊಳೋ ಗುಣ, ಇರ್ಬೇಕು ಅಂತಾರೆ, ಫ್ಲೋರ್ ಇನ್‌ಚಾರ್ಜ್ ಮೆತ್ತಗಿದ್ರೆ ತಲೆ ಮೇಲೆ ಹತ್ತಿ ಕೂರ್ತಾರೆ ಅಂತಾರೆ. ವಾಪಸ್ ಮಷೀನಿಗೇ ಹೋಗ್ಬಿಡ್ಲಾ?
– ಹೆಸರು ಬೇಡ, ಬೆಂಗಳೂರು

ನೋಡಮ್ಮ, ಮಷೀನಿಗೆ ವಾಪಸ್ ಹೋಗೋ ಮಾತು ಸದ್ಯಕ್ಕೆ ಬಿಡಿ. ನೀವು ಹೋದ್ರೆ ಆ ಜಾಗಕ್ಕೆ ಬರೋರು ಹಿಂಗೆ ಕೂತು ಪತ್ರ ಬರೆಯೋರಾಗಿರ್ತಾರೆ ಅನ್ನೋ ಗ್ಯಾರಂಟಿ ನನಗಿಲ್ಲ.

ನಾನೂ ಮೈಸೂರು ರೋಡ್ ಕಡೆ ಒಂದು ಫ್ಯಾಕ್ಟರೀಲಿ ಕೆಲಸದೋರ ಕಷ್ಟ ಸುಖ ನೋಡ್ಕೊಳೋ ವೆಲ್ಫೇರ್ ಆಫೀಸರ್ ಆಗಿದ್ದೋಳು, ಹಾಗಾಗಿ ನಿಮ್ಮ ಫ್ಲೋರ್ ಕಣ್ಣಿಗೆ ಕಟ್ಟಿದಂಗಿದೆ, ಆ ವೈಟ್ ಬೋರ್ಡು, ಅದರಲ್ಲಿ ಗಂಟೆಗೊಂದು ನಂಬರು, ಕಡಿಮೆ ಬಿದ್ರೆ ಕೆಂಪು ಮಾರ್ಕರು. ನಿಮ್ಮ ಪತ್ರದಲ್ಲಿ ನನಗೆ ಚುಚ್ಚಿದ್ದು ನೀವು ಕಿರುಚಿದ್ದಲ್ಲ, ಆ ಗದ್ದಲದಲ್ಲಿ ಎಲ್ರೂ ಜೋರಾಗೇ ಮಾತಾಡ್ತಾರೆ. ಚುಚ್ಚಿದ್ದು "ನಾವೇನು ಮಕ್ಕಳು ಹೆತ್ತಿಲ್ವಾ" ಅಂದ್ರಲ್ಲ, ಆ ಮಾತು.

ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅಂತಾರಲ್ಲ, ಕಷ್ಟಪಟ್ಟ ಸೊಸೆ ಅತ್ತೆಯಾದ್ಮೇಲೆ ಸೊಸೆ ಕಷ್ಟ ಅರ್ಥ ಮಾಡ್ಕೋಬೇಕು ತಾನೆ, ಎಷ್ಟು ಮನೇಲಿ ಹಂಗಾಗಿದೆ ಹೇಳಿ? 2015ರಲ್ಲಿ ಅಮೆರಿಕದಲ್ಲಿ ರೇಚಲ್ ರಟ್ಟನ್ ಅನ್ನೋರು ಇಬ್ಬರು ಜೊತೆಗಾರರ ಜೊತೆ ಸೇರಿ ಇದನ್ನೇ ಪರೀಕ್ಷೆ ಮಾಡಿ ನೋಡಿದ್ರು. ಅಲ್ಲಿ ಚಳೀಲಿ ಕೊರೆಯೋ ನೀರಿಗೆ ಧುಮುಕೋ ಒಂದು ಹುಚ್ಚಾಟ ಇದೆ. ಧುಮುಕಬೇಕು ಅಂತ ಬಂದು ಕೊನೇಲಿ ಹೆದರಿ ಹಿಂದೆ ಸರಿದವನೊಬ್ಬನ ಕಥೆ ಓದೋಕೆ ಕೊಟ್ರು, ಆಗ್ಲೇ ಧುಮುಕಿ ಬಂದೋರಿಗೆ ಅವನ ಮೇಲೆ ಕನಿಕರ ಕಡಿಮೆ, ಇನ್ನೂ ಧುಮುಕದೇ ಇದ್ದೋರಿಗೇ ಜಾಸ್ತಿ. ಕೆಲಸ ಕಳ್ಕೊಂಡಿದ್ದೋರ ವಿಷಯದಲ್ಲೂ ಹಂಗೇ ಕಂಡು ಬಂತು. ದಾಟಿ ಬಂದ್ಮೇಲೆ ಆ ನೀರು ಎಷ್ಟು ತಣ್ಣಗಿತ್ತು ಅನ್ನೋದು ಮೈಗೆ ಮರೆತೋಗುತ್ತೆ, ನಾನು ದಾಟಿದೆ ಅನ್ನೋದೊಂದೇ ನೆನಪಿರುತ್ತೆ, ನಾನು ದಾಟಿದ್ಮೇಲೆ ಇವಳಿಗೇನು ದಾಡಿ ಅನ್ನಿಸುತ್ತೆ.

ಹಾಗಾಗಿ "ನಾನೂ ಅಲ್ಲೇ ಕೂತಿದ್ದೋಳು, ನಂಗೆಲ್ಲ ಗೊತ್ತು" ಅಂತ ಅನ್ನಿಸಿದಾಗೆಲ್ಲ ಸ್ವಲ್ಪ ಹುಷಾರಾಗಿರಿ. ನಿಮಗೆ ಗೊತ್ತಿರೋದು ನಿಮ್ಮ 11 ವರ್ಷ. ನಿಮ್ಮ ಮಗು ಜ್ವರ ಬಂದಾಗ ಬಹುಶಃ ಅಜ್ಜಿ ಹತ್ರ ಇತ್ತು. ಅವಳ ಮಗು ಪಕ್ಕದ ಮನೇಲಿದೆ.

ಈಗ ಲೆಕ್ಕಕ್ಕೆ ಬರೋಣ, ಯಾಕಂದ್ರೆ ನಿಮ್ಮ ಇನ್‌ಚಾರ್ಜ್‌ಗೆ ಲೆಕ್ಕ ಬಿಟ್ಟು ಬೇರೆ ಭಾಷೆ ಬರಲ್ಲ. ಟಾರ್ಗೆಟ್ ಗಂಟೆಗೆ 60 ಅಂತಿಟ್ಕೊಳಿ, ನಿಮಿಷಕ್ಕೊಂದು ಕಾಲರ್. ಅವಳು ಎಂಟು ನಿಮಿಷ ಎದ್ದು ಹೋದ್ರೆ ಎಂಟು ಪೀಸ್ ಹಿಂದೆ, ಸರಿ. ನೀವು ನಾಲ್ಕು ನಿಮಿಷ ಬೈದ್ರಿ, ಇನ್ನೂ ನಾಲ್ಕು. ಅಕ್ಕಪಕ್ಕದ ಹತ್ತು ಜನ ಕೈ ನಿಲ್ಲಿಸಿ ನೋಡಿದ್ರು. ಆಮೇಲೆ ಕಣ್ಣಲ್ಲಿ ನೀರಿಟ್ಕೊಂಡು ಹೊಲಿದ ಕಾಲರ್‌ಗಳಲ್ಲಿ ಎಷ್ಟು ಚೆಕಿಂಗಿಂದ ಆಲ್ಟರ್‌ಗೆ, ಅಂದ್ರೆ ಬಿಚ್ಚಿ ಸರಿ ಮಾಡೋಕೆ, ವಾಪಸ್ ಬಂತು? ಅದನ್ನ ನೀವು ಬರೆದಿಲ್ಲ, ಆದ್ರೆ ಬಂದಿರುತ್ತೆ.

ಅದಕ್ಕಿಂತ ಕೆಟ್ಟದ್ದೊಂದಿದೆ. ಸೂಜಿ ಮುರಿದ್ರೆ ಏನ್ಮಾಡ್ಬೇಕು ಅಂತ ನಿಮಗೆ ನಾನು ಹೇಳ್ಬೇಕಾಗಿಲ್ಲ, ಎಲ್ಲಾ ಚೂರೂ ಹುಡುಕಿ, ರಿಜಿಸ್ಟರಲ್ಲಿ ಟೇಪ್ ಹಾಕಿ ಅಂಟಿಸಿ, ಆಮೇಲೇ ಹೊಸ ಸೂಜಿ. ನಮ್ಮಲ್ಲಿ ಒಬ್ಬ ಸೂಪರ್‌ವೈಸರ್ ಇದ್ದ, ಸೂಜಿ ಮುರೀತು ಸರ್ ಅಂದ್ರೆ ಸಾಕು, ನಿಮ್ಮಪ್ಪನ ಮನೇದಾ ಅಂತ ಶುರು ಮಾಡ್ತಿದ್ದ. ಅವನ ಲೈನಲ್ಲಿ ತಿಂಗಳುಗಟ್ಟಲೆ ಸೂಜಿನೇ ಮುರೀಲಿಲ್ಲ, ರಿಜಿಸ್ಟರ್ ನೋಡಿ ಮೇಲಿನೋರಿಗೆಲ್ಲ ಸಂತೋಷ. ಒಂದಿನ ಮೆಟಲ್ ಡಿಟೆಕ್ಟರ್ ಕೂಗ್ತು. ಮಕ್ಕಳ ಶರ್ಟು, ತೋಳಿನ ಹೊಲಿಗೇಲಿ ಅಕ್ಕಿ ನುಚ್ಚಿನಷ್ಟು ಸೂಜಿ ತುದಿ. ವಿಚಾರಿಸಿದ್ರೆ ಹೆಣ್ಮಕ್ಕಳು ಅಂಗಡಿಯಿಂದ ತಮ್ಮ ದುಡ್ಡಲ್ಲೇ ಸೂಜಿ ತಂದು, ಬ್ಲೌಸಿಗೆ ಚುಚ್ಕೊಂಡು ಬಂದು, ಮುರಿದಾಗ ತಾವೇ ಬದಲಾಯಿಸ್ಕೊಳ್ತಿದ್ರು, ಅವನ ಬಾಯಿಗೆ ಹೆದರಿ. ಪ್ಯಾಕ್ ಆಗಿದ್ದ ಬಾಕ್ಸೆಲ್ಲ ಬಿಚ್ಚಿ ರಾತ್ರಿ ಒಂಬತ್ತರವರೆಗೂ ಒಂದೊಂದೇ ಶರ್ಟ್ ಆ ಡಿಟೆಕ್ಟರ್‌ಗೆ ಹಾಕಿದ್ವಿ. ಮೆತ್ತಗಿದ್ರೆ ತಲೆ ಮೇಲೆ ಕೂರ್ತಾರೆ ಅನ್ನೋರಿಗೆ ನಾನು ಈ ಕಥೆನೇ ಹೇಳೋದು.

ನಿಮ್ಮ ಲೈನ್ ಈಗ ಸುಮ್ನಿದೆ ಅಂತ ಇನ್‌ಚಾರ್ಜ್ ಖುಷಿಯಾಗಿರ್ಬಹುದು. 2016ರ ಏಪ್ರಿಲ್ ನೆನಪಿದ್ಯಾ, ಪಿಎಫ್ ತೆಗೆಯೋ ರೂಲ್ ಬದಲಾಯಿಸಿದ್ರು ಅಂತ ಸಾವಿರಾರು ಗಾರ್ಮೆಂಟ್ಸ್ ಹೆಣ್ಮಕ್ಕಳು ರೋಡಿಗಿಳಿದು ಬೆಂಗಳೂರೇ ನಿಂತೋಯ್ತು, ಕೇಂದ್ರದೋರು ಆ ರೂಲನ್ನೇ ವಾಪಸ್ ತಗೊಂಡ್ರು. ಅದರ ಹಿಂದಿನ ದಿನಾನೂ ನಮ್ಮ ಫ್ಲೋರ್ ಸುಮ್ನೇ ಇತ್ತು, ವೆಲ್ಫೇರ್ ಆಫೀಸರ್ ಆದ ನನಗೇ ಒಂದಕ್ಷರ ಗೊತ್ತಿರಲಿಲ್ಲ. ನಾಚಿಕೆ ಆಗಿತ್ತು ನನಗೆ, ಈಗ್ಲೂ ಆಗುತ್ತೆ.

ಹಾಗಾದ್ರೆ ಈ ಎಂಪತಿ ಅಂದ್ರೇನು? ಟ್ರೈನಿಂಗಲ್ಲಿ ತೋರಿಸೋ ಸ್ಲೈಡಲ್ಲಿ ಎರಡು ಕೈ ಹಿಡ್ಕೊಂಡಿರೋ ಚಿತ್ರ ಹಾಕಿರ್ತಾರೆ, ಸಂಜೆ ಟಾರ್ಗೆಟ್ ಐದು ಪೀಸ್ ಏರಿಸಿರ್ತಾರೆ, ಅದನ್ನ ನಂಬಿಕೊಂಡು ಕೂರಬೇಡಿ. ನಿಮ್ಮ ಕೆಲಸದಲ್ಲಿ ಅದಕ್ಕೆ ನಾನು ಹೇಳೋ ಅರ್ಥ ಇಷ್ಟೇ, ಬೋರ್ಡ್ ನೋಡೋಕೆ ಮುಂಚೆ ಮುಖ ನೋಡೋದು. ಅಚ್ಯುತ ಅಧ್ವರ್ಯು, ನಮ್ರತಾ ಕಾಲಾ, ಅನಂತ್ ನ್ಯಾಶಧಂ ಅನ್ನೋ ಅರ್ಥಶಾಸ್ತ್ರಜ್ಞರು ನಮ್ಮ ಬೆಂಗಳೂರು ಕಡೆ ಗಾರ್ಮೆಂಟ್ಸ್‌ಗಳಲ್ಲೇ ಕೆಲಸ ಮಾಡಿದ್ದಾರೆ. ಗಾಳಿ ಕೆಟ್ಟಿರೋ ದಿನ ಪ್ರೊಡಕ್ಷನ್ ಬೀಳುತ್ತೆ, ಆದ್ರೆ ಎಲ್ರದ್ದೂ ಒಂದೇ ಥರ ಬೀಳಲ್ಲ, ಯಾರು ಸೋತಿದ್ದಾರೆ ಅಂತ ಗಮನಿಸಿ ಅವತ್ತಿಗೆ ಕೆಲಸ ಅದಲು ಬದಲು ಮಾಡೋ ಸೂಪರ್‌ವೈಸರ್ ಲೈನಲ್ಲಿ ನಷ್ಟ ಕಡಿಮೆ ಅಂತ ಅವರಿಗೆ ಕಂಡು ಬಂತು. ಇದು ಕರುಣೆನೂ ಹೌದು ಪ್ರೊಡಕ್ಷನ್ನೂ ಹೌದು, ಬೇರೆ ಬೇರೆ ಮಾಡೋಕಾಗಲ್ಲ.

ಬೆಳಿಗ್ಗೆ ಬೆಲ್ ಹೊಡೆಯೋಕೆ ಐದು ನಿಮಿಷ ಮುಂಚೆ ಲೈನ್ ಉದ್ದಕ್ಕೂ ಒಂದು ಸಲ ನಡೀರಿ, ಕೈಯಲ್ಲಿ ಶೀಟ್ ಬೇಡ. ಮಾಗಡಿ, ನೆಲಮಂಗಲ ಕಡೆಯಿಂದ ವ್ಯಾನಲ್ಲಿ ಬರೋರು ಕತ್ತಲಲ್ಲೇ ಎದ್ದು ಅಡುಗೆ ಮಾಡಿಟ್ಟು ಬಂದಿರ್ತಾರೆ, ಯಾರ ಮುಖ ಬಾಡಿದೆ ಅಂತ ನಿಮಗೆ ತಿಳಿಯುತ್ತೆ, ನೀವು ಹೆಂಗಸು, ತಿಳಿಯದೇ ಏನು. ಆವತ್ತು ಹಂಗೆ ನಡೆದಿದ್ರೆ ಆ ಹುಡುಗಿಗೆ "ಹತ್ತು ಗಂಟೆಗೆ ಹೋಗಿ ಫೋನ್ ಮಾಡ್ಕೊಂಡು ಬಾ, ನೀನು ಬರೋವರೆಗೂ ಕಾಲರಿಗೆ ಇನ್ನೊಬ್ಬಳನ್ನ ಕೂರಿಸ್ತೀನಿ" ಅನ್ನಬಹುದಿತ್ತು. ಅದಕ್ಕೆ ಕಾಲರ್ ಬರೋರು ಇನ್ನೂ ಇಬ್ಬರಾದ್ರೂ ಬೇಕು, ಆರ್ಡರ್ ಸಡಿಲ ಇರೋ ವಾರ ಕಲಿಸಿಡಿ. ನೆಪ ಹೇಳೋರೂ ಇರ್ತಾರೆ, ಪ್ರತಿ ಲೈನಲ್ಲೂ ಒಬ್ಬಳೋ ಇಬ್ಬರೋ, ಅವರನ್ನ ಪಕ್ಕಕ್ಕೆ ಕರೆದು ಖಡಾಖಂಡಿತವಾಗಿ ಹೇಳಿ. ಸಾಲ ಕೊಡೋಕೆ, ಗಂಡ ಹೆಂಡಿರ ಜಗಳ ಬಿಡಿಸೋಕೆ ಹೋಗ್ಬೇಡಿ, ಅದು ನಿಮ್ಮ ಕೈ ಮೀರಿದ್ದು.

ಇನ್ನು ಆ ಹುಡುಗಿ. ಎಲ್ರ ಮುಂದೆ ಬೈದ್ರಿ, ಬಾತ್ರೂಮ್ ಬಾಗಿಲ ಹತ್ರ ಕದ್ದು ಸಾರಿ ಕೇಳೋದು ಲೆಕ್ಕಕ್ಕಿಲ್ಲ. ಅದೇ ಜಾಗದಲ್ಲಿ, ಅದೇ ಜನದ ಮುಂದೆ, "ಅವತ್ತು ನಾನು ಹಂಗೆ ಅನ್ನಬಾರದಿತ್ತು, ತಪ್ಪಾಯ್ತು" ಅನ್ನಿ. ಅಷ್ಟೇ, ಆದ್ರೆ ಗೀದ್ರೆ ಬೇಡ, ಟಾರ್ಗೆಟ್ ಇತ್ತು, ನಂಗೂ ಮೇಲಿಂದ ಬೈದಿದ್ರು ಅಂತ ಶುರು ಮಾಡ್ಬೇಡಿ. ಮಗು ಹೇಗಿದೆ ಅಂತ ಬೇಕಾದ್ರೆ ಮಾರನೇ ದಿನ ಕೇಳಿ. ಅವಳು ಉತ್ತರ ಕೊಡದೇ ತಲೆ ತಗ್ಗಿಸಿ ಹೊಲೀತಾನೇ ಇರ್ತಾಳೆ, ಇರಲಿ.

ಮತ್ತೆ ಊಟಕ್ಕೆ ಕರೀಲಿಲ್ಲ ಅಂತ ನೀವಾಗೇ ಡಬ್ಬಿ ಹಿಡ್ಕೊಂಡು ಹೋಗಿ ಮಧ್ಯ ಕೂರಬೇಡಿ. ಆ ಅರ್ಧ ಗಂಟೆ ಅವರಿಗೆ ನಿಮ್ಮನ್ನ ಬೈಕೊಳೋಕೆ ಬೇಕು. ನೀವೂ 11 ವರ್ಷ ನಿಮ್ಮ ಸೂಪರ್‌ವೈಸರನ್ನ ಬೈಕೊಂಡೇ ಮುದ್ದೆ ನುಂಗಿದೋರು.